ಮೋಸದ ಬಿಲ್ಲು

ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: ಕೀರ್ತನೆ 78:57, ಹೋಶೇಯ 7:16, ನ್ಯಾಯಸ್ಥಾಪಕರು 20:16

ಮದ್ದೂರು, ಮಳವಳ್ಳಿ ಕಡೆಯಿಂದ ಬೆಳಿಗ್ಗೆನೇ ಬಸ್ ಹತ್ತಿ ಮಂಡ್ಯಕ್ಕೆ ಬಂದಿರೋ ಕುಟುಂಬಗಳಿಗೆ ವಿಶೇಷವಾಗಿ ವಂದನೆ. ಕರ್ತನು ನಿಮ್ಮ ಪ್ರಯಾಸವನ್ನು ನೋಡ್ತಾ ಇದ್ದಾನೆ. ಆಮೆನ್ ಹೇಳೋಣ. ಆಮೆನ್.

ಬೈಬಲ್ ತೆಗೆಯಿರಿ. ಎಪ್ಪತ್ತೆಂಟನೇ ಕೀರ್ತನೆ, ಐವತ್ತೇಳನೇ ವಚನ. ಅಲ್ಲಿ ಬೆರಳಿಟ್ಟುಕೊಂಡೇ ಹೋಶೇಯ ಏಳನೇ ಅಧ್ಯಾಯದ ಕೊನೇ ವಚನವನ್ನೂ ನೋಡಿ. ಎರಡು ಕಡೆಯಲ್ಲೂ ದೇವರು ತನ್ನ ಜನರನ್ನು ಒಂದು ಬಿಲ್ಲಿಗೆ ಹೋಲಿಸ್ತಾನೆ. ಎಂಥ ಬಿಲ್ಲು? ಮೋಸದ ಬಿಲ್ಲು. ದೇವಜನರೇ, ಇದನ್ನು ನಾನು ಎಷ್ಟೋ ವರ್ಷ ಓದಿದ್ದೀನಿ, ಓದಿ ಮುಂದಕ್ಕೆ ಹೋಗಿದ್ದೀನಿ. ಮುರಿದ ಬಿಲ್ಲು ಅಂದಿದ್ರೆ ಅರ್ಥ ಆಗೋದು. ನಾರು ಕಿತ್ತುಹೋದ ಬಿಲ್ಲು ಅಂದಿದ್ರೂ ಅರ್ಥ ಆಗೋದು. ಮೋಸದ ಬಿಲ್ಲು ಅಂದ್ರೆ ಏನು? ಅದು ನೋಡೋಕೆ ಚೆನ್ನಾಗೇ ಇರ್ತದೆ. ಬಾಣ ಹೂಡಬಹುದು, ಎಳೆಯಬಹುದು, ಬಾಣ ಹೋಗ್ತದೆ ಕೂಡ. ಆದರೆ ಕಣ್ಣು ನೋಡಿದ ಕಡೆಗೆ ಹೋಗಲ್ಲ. ಹಿಡಿದವನಿಗೇ ಗೊತ್ತಾಗದ ಹಾಗೆ ಪಕ್ಕಕ್ಕೆ ಹೋಗ್ತದೆ.

ಇದು ನನಗೆ ಅರ್ಥ ಆಗಿದ್ದು ಎರಡು ತಿಂಗಳ ಹಿಂದೆ, ಕೆ.ಎಂ.ದೊಡ್ಡಿಯಿಂದ ಮಳವಳ್ಳಿಗೆ ಹೋಗೋ ದಾರಿಯಲ್ಲಿ, ಒಬ್ಬ ವಿಶ್ವಾಸಿಯ ತೋಟದಲ್ಲಿ. ಅರ್ಥ ಮಾಡಿಸಿದ್ದು ಒಂದು ಏರ್ ಗನ್ನು. ನಗಬೇಡಿ. ಬಿಳಾಮನ ಹತ್ರ ಕತ್ತೆಯ ಬಾಯಿಂದ ಮಾತಾಡಿದ ದೇವರು ನನ್ನ ಹತ್ರ ಏರ್ ಗನ್ನಿನ ಬಾಯಿಂದ ಮಾತಾಡಿದ, ಅಷ್ಟೇ.

ಶನಿವಾರ ಮನೆಪ್ರಾರ್ಥನೆಗೆ ಹೋಗಿದ್ದೆ. ಆ ಮನೆಯ ಯಜಮಾನರು ಹಿಂದೊಂದು ಕಾಲದಲ್ಲಿ ಭತ್ತಕ್ಕೆ ಬರೋ ಹಕ್ಕಿಗಳನ್ನ ಹೆದರಿಸೋಕೆ ಅಂತ ಆ ಗನ್ ತಂದಿಟ್ಟಿದ್ರು. ಈಗ ಹಾಗೆಲ್ಲ ಮಾಡೋ ಹಾಗಿಲ್ಲ, ಮಾಡಲೂಬಾರದು. 1972ರ ವನ್ಯಜೀವಿ ಕಾಯ್ದೆ ಐತೆ. ಅದೂ ಅಲ್ಲದೆ ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆಗಳನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ತಾರೆ. ಅಂಥ ಸೀಮೆಯಲ್ಲಿ ಹುಟ್ಟಿ ಹಕ್ಕಿಗೆ ಗುರಿ ಇಡೋದು ನಮಗೆ ಶೋಭೆಯಲ್ಲ. ಈಗ ಆ ಗನ್ ಮಗನ ಕೈಗೆ ಬಂದಿದೆ. ಪಿ.ಯು.ಸಿ. ಓದ್ತಾ ಇರೋ ಹುಡುಗ. ಕಾಗದಕ್ಕೆ ಗುರಿ ಇಟ್ಟು ಹೊಡೆಯೋದು ಅವನ ಹುಚ್ಚು. ಆವತ್ತು ಹೊಸದಾಗಿ ಒಂದು ಸ್ಕೋಪ್ ತರಿಸಿದ್ದ. ಸ್ಕೋಪ್ ಅಂದ್ರೆ ಗನ್ನಿನ ಮೇಲೆ ಕೂರಿಸೋ ದುರ್ಬೀನು. ಒಳಗಡೆ ಕೂಡಿಸೋ ಲೆಕ್ಕದ ಗುರುತಿನ ಹಾಗೆ, ಹೌದು, ಶಿಲುಬೆಯ ಹಾಗೆ, ಎರಡು ಸಣ್ಣ ಗೆರೆ ಇರ್ತವೆ.

ಅಡುಗೆ ಆಗೋವರೆಗೂ ಅಂತ ನಾನೂ ತೆಂಗಿನ ಮರದ ಕೆಳಗೆ ಕೂತೆ. ಹುಡುಗ ಕೆಲಸ ಶುರು ಮಾಡಿದ. ಮೊದಲು 25 ಗಜ ಅಳೆದ. ಆ ಕಡೆ ಮಣ್ಣಿನ ದಿಬ್ಬ, ಅದರ ಆಚೆ ಯಾರೂ ಓಡಾಡೋ ಹಾಗಿಲ್ಲ ಅಂತ ಎರಡು ಸಲ ಹೋಗಿ ನೋಡಿ ಬಂದ. ಆಮೇಲೆ ಒಂದು ದಾರಕ್ಕೆ ಕಲ್ಲು ಕಟ್ಟಿ ದಿಬ್ಬದ ಹತ್ರದ ಕೊಂಬೆಗೆ ನೇತು ಹಾಕಿದ. ನಾನು, "ಇದೇನಪ್ಪಾ, ದೃಷ್ಟಿ ಆಗಬಾರದು ಅಂತ ಕಟ್ತಾ ಇದ್ದೀಯಾ?" ಅಂದೆ. "ಇಲ್ಲ ಪಾಸ್ಟ್ರೇ, ಸ್ಕೋಪ್ ಒಳಗಿರೋ ಗೆರೆ ನೆಟ್ಟಗೈತಾ ಅಂತ ನೋಡೋಕೆ" ಅಂದ. ಗನ್ನನ್ನು ಸೊಟ್ಟಗಾಗದ ಹಾಗೆ ಇಟ್ಟು, ಸ್ಕೋಪಿನ ಒಳಗಿನ ಗೆರೆ ಆ ದಾರಕ್ಕೆ ಕೂಡೋವರೆಗೂ ಸ್ಕೋಪನ್ನ ಕೂದಲಷ್ಟು ಕೂದಲಷ್ಟೇ ತಿರುಗಿಸಿದ. ಯಾಕೆ ಅಂದ್ರೆ ಗೆರೆ ಸ್ವಲ್ಪ ವಾಲಿದ್ರೂ ಹತ್ತಿರದಲ್ಲಿ ಏನೂ ಗೊತ್ತಾಗಲ್ಲ. ದೂರ ಹೋದಷ್ಟೂ ಗುರಿ ಪಕ್ಕಕ್ಕೆ ಸರೀತಾ ಹೋಗ್ತದೆ.

ನನಗೆ ಆಮೋಸನ ಏಳನೇ ಅಧ್ಯಾಯ ನೆನಪಾಯ್ತು. ಅಲ್ಲಿ ಕರ್ತನು ನೂಲುಗುಂಡು ಹಿಡಿದು ಗೋಡೆ ಪಕ್ಕ ನಿಂತಿರ್ತಾನೆ. ಗಾರೆ ಕೆಲಸ ಮಾಡೋ ಅಣ್ಣಂದಿರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನಿಮಗೆ ಗೊತ್ತು, ಗೋಡೆಗೆ ಗುಂಡು ಹಿಡೀತಾರೆಯೇ ಹೊರತು ಗುಂಡಿಗೆ ಗೋಡೆ ಹಿಡಿಯಲ್ಲ. ಗೋಡೆ ಎಷ್ಟು ದುಡ್ಡು ಹಾಕಿ ಕಟ್ಟಿದ್ರೂ ಅಷ್ಟೇ.

ಆಮೇಲೆ ಸ್ಕ್ರೂ. ಸ್ಕೋಪನ್ನ ಹಿಡಿದಿರೋ ಬಳೆಗಳಿಗೆ ಸಣ್ಣ ಸಣ್ಣ ಸ್ಕ್ರೂ ಇರ್ತವೆ. ಒಂದನ್ನೇ ಪೂರ್ತಿ ಬಿಗಿ ಮಾಡಲಿಲ್ಲ. ಟ್ರ್ಯಾಕ್ಟರ್ ಚಕ್ರದ ನಟ್ಟು ಹಾಕೋ ಹಾಗೆ, ಇದಕ್ಕೆ ಸ್ವಲ್ಪ, ಎದುರಿನದಕ್ಕೆ ಸ್ವಲ್ಪ. ಅಲೆನ್ ಕೀ ಹಿಡಿದು ಅರ್ಧ ಗಂಟೆ ಕೂತ. ಇಷ್ಟು ಹೊತ್ತಾದರೂ ಒಂದು ಗುಂಡೂ ಹೊಡೆದಿರಲಿಲ್ಲ.

ಮೊದಲ ಐದು ಗುಂಡು ಹೊಡೆದ. ಗುಂಡು ಅಂದ್ರೆ ಸೀಸದ ಚಿಕ್ಕ ಪೆಲೆಟ್ಟು, 4.5 ಮಿಲಿಮೀಟರು. ಮದ್ದು ಗಿದ್ದು ಇಲ್ಲ, ಸ್ಪ್ರಿಂಗು ತಳ್ಳೋ ಗಾಳಿಯಲ್ಲೇ ಹೋಗ್ತದೆ. ಕಾಗದ ತಂದು ತೋರಿಸಿದ. ಐದೂ ತೂತು ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಿ ಹೋಗೋ ಹಾಗೆ ಒತ್ತೊತ್ತಾಗಿ ಬಿದ್ದಿದ್ದವು. ಆದರೆ ನಡುವಿನ ಚುಕ್ಕೆಗೆ ಒಂದೂ ಬಿದ್ದಿಲ್ಲ. ಎಲ್ಲವೂ ಎರಡು ಇಂಚು ಎಡಕ್ಕೆ. ಹುಡುಗನ ಮುಖ ನೋಡಿದ್ರೆ ಖುಷಿ! "ಏನಪ್ಪಾ, ಒಂದೂ ತಗುಲಿಲ್ಲ, ನಗ್ತಾ ಇದ್ದೀಯಲ್ಲ?" ಅಂದೆ. ಅವನು ಹೇಳಿದ್ದನ್ನ ಬರೆದಿಟ್ಟುಕೊಳ್ಳಿ. "ಪಾಸ್ಟ್ರೇ, ಗುಂಪು ಚೆನ್ನಾಗೈತೆ, ಜಾಗ ಮಾತ್ರ ಸರಿ ಇಲ್ಲ. ಚೆಲ್ಲಾಪಿಲ್ಲಿ ಬಿದ್ದಿದ್ರೆ ಏನು ತಿರುಗಿಸ್ಬೇಕು ಅಂತ್ಲೇ ಗೊತ್ತಾಯ್ತಿರ್ಲಿಲ್ಲ. ಇದನ್ನ ಸರಿ ಮಾಡ್ಬೋದು."

ದೇವಜನರೇ, ತಪ್ಪಿನಲ್ಲಿ ಎರಡು ತರ ಇದೆ ಅಂತ ಆವತ್ತು ತಿಳೀತು. ಒಬ್ಬನ ಗುಂಡು ಇವತ್ತು ಮೇಲೆ, ನಾಳೆ ಕೆಳಗೆ. ಅವನ ಸ್ಕ್ರೂ ಸಡಿಲ. ಯಾಕೋಬನ ಪತ್ರಿಕೆ ಒಂದನೇ ಅಧ್ಯಾಯದ ಎರಡು ಮನಸ್ಸಿನವನು. ಅವನಿಗೂ ಗೊತ್ತು, ಹೆಂಡತಿಗೂ ಗೊತ್ತು, ಸಭೆಗೂ ಗೊತ್ತು. ಇನ್ನೊಬ್ಬನದು ಹಾಗಲ್ಲ. ಅವನು ಗಟ್ಟಿ ಮನುಷ್ಯ. ಹೇಳಿದ ಮಾತಿಗೆ ತಪ್ಪೋನಲ್ಲ. ಇವತ್ತು ಎಲ್ಲಿಗೆ ಹೊಡೆದನೋ ನಾಳೆಯೂ ಅಲ್ಲಿಗೇ ಹೊಡೀತಾನೆ. ಆದರೆ ಆ ಜಾಗ ಎರಡು ಇಂಚು ತಪ್ಪು. ಇವನಿಗೆ ಗೊತ್ತಾಗೋದೇ ಇಲ್ಲ, ಯಾಕಂದ್ರೆ ಸ್ಕೋಪಿನಲ್ಲಿ ಕಣ್ಣಿಟ್ಟಾಗ ಅವನಿಗೆ ಶಿಲುಬೆ ಕಾಣ್ತದೆ, ಶಿಲುಬೆಯ ಹಿಂದೆ ಗುರಿಯೂ ಕಾಣ್ತದೆ. ಎಲ್ಲಾ ಸರಿಯಾಗೇ ಕಾಣ್ತದೆ.

ನ್ಯಾಯಸ್ಥಾಪಕರು ಇಪ್ಪತ್ತನೇ ಅಧ್ಯಾಯ, ಹದಿನಾರನೇ ವಚನ. ಬೆನ್ಯಾಮೀನ ಕುಲದಲ್ಲಿ ಏಳುನೂರು ಮಂದಿ ಎಡಗೈಯವರು. ಕವಣೆಯಲ್ಲಿ ಕೂದಲೆಳೆಗೆ ಗುರಿ ಇಟ್ಟು ಕಲ್ಲು ಬೀಸಿದ್ರೂ ತಪ್ಪದ ಜನ ಅಂತ ಅಲ್ಲಿ ಬರೆದಿದೆ. ಅಲ್ಲಿ ಗುರಿ ತಪ್ಪೋದಕ್ಕೆ ಇಬ್ರಿಯ ಭಾಷೆಯಲ್ಲಿ ಯಾವ ಪದ ಇದೆಯೋ, ಅದೇ ಪದವೇ ಹಳೇ ಒಡಂಬಡಿಕೆಯಲ್ಲಿ ಪಾಪ ಮಾಡೋದಕ್ಕೂ ಬರ್ತದೆ: ಖಾಟಾ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಹಮಾರ್ತಿಯ ಅನ್ನೋ ಪದಕ್ಕೂ ಗುರಿ ತಪ್ಪುವುದು ಅಂತಲೇ ಮೂಲದ ಅರ್ಥ. ಇದನ್ನ ಎಲ್ಲಾ ಬೋಧಕರೂ ಹೇಳ್ತಾರೆ. ಆದರೆ ಆ ಏಳುನೂರು ಮಂದಿ ಯಾರ ಪರವಾಗಿ ನಿಂತಿದ್ರು ಅನ್ನೋದನ್ನ ನೋಡಿದ್ದೀರಾ? ಗಿಬೆಯದಲ್ಲಿ ಒಬ್ಬ ಹೆಣ್ಣುಮಗಳನ್ನ ರಾತ್ರಿಯೆಲ್ಲಾ ಕೆಡಿಸಿ ಸಾಯಿಸಿದ್ರಲ್ಲ, ಆ ನೀಚರನ್ನ ಒಪ್ಪಿಸಲ್ಲ ಅಂತ ಹಟ ಹಿಡಿದ ಕುಲದ ಪರವಾಗಿ! ನಮ್ಮೋರು, ನಮ್ಮ ಕುಲದೋರು ಅಂತ. ಕೈ ತಪ್ಪಲಿಲ್ಲ, ಕಲ್ಲು ತಪ್ಪಲಿಲ್ಲ. ಮೊದಲ ಎರಡು ದಿನ ಯುದ್ಧವನ್ನೂ ಗೆದ್ರು. ಗೆದ್ದವರಿಗೆ ತಾವು ತಪ್ಪು ಅಂತ ಯಾರು ಹೇಳ್ತಾರೆ? ಮೂರನೇ ದಿನ ಆ ಕುಲದಲ್ಲಿ ಉಳಿದದ್ದು ಆರುನೂರೇ ಗಂಡಸರು.

ತಾರ್ಸದ ಸೌಲನೂ ಹಾಗೇ. ಅಪೊಸ್ತಲರ ಕೃತ್ಯಗಳು 26:9ರಲ್ಲಿ ಅಗ್ರಿಪ್ಪರಾಜನ ಮುಂದೆ ಅವನೇ ಒಪ್ಪಿಕೊಳ್ತಾನೆ, ಯೇಸುವಿನ ನಾಮಕ್ಕೆ ವಿರುದ್ಧವಾಗಿ ಮಾಡಬೇಕಾದ್ದು ಬಹಳ ಇದೆ ಅಂತ ತಾನು ನಿಜವಾಗಿಯೂ ನಂಬಿದ್ದೆ ಅಂತ. ಕಪಟ ಅಲ್ಲ. ಒತ್ತಾದ ಗುಂಪು, ತಪ್ಪಾದ ಜಾಗ. ದೇವರು ಅವನ ಗುರಿಕಾರಿಕೆಯನ್ನ ಕಿತ್ತುಕೊಳ್ಳಲಿಲ್ಲ. ದಮಸ್ಕದ ದಾರಿಯಲ್ಲಿ ಸ್ಕೋಪನ್ನ ತಿರುಗಿಸಿದ. ಮೂರು ದಿನ ಕಣ್ಣೇ ಕಾಣಲಿಲ್ಲ ಆ ಮನುಷ್ಯನಿಗೆ.

ಈಗ ತೋಟಕ್ಕೆ ವಾಪಸ್ಸು ಬರೋಣ. ಹುಡುಗ, "ಪಾಸ್ಟ್ರೇ, ನೀವೂ ಒಂದು ಐದು ಹೊಡೀರಿ" ಅಂದ. ನಾನು ಹಿಂದೆ ಹೊಡೆದದ್ದು ಜಾತ್ರೆಯ ಬಲೂನಿಗೆ, ರಕ್ಷಣೆ ಹೊಂದೋಕೆ ಮುಂಚೆ. ಗಟ್ಟಿಯಾಗಿ ಹಿಡ್ಕೊಂಡೆ. "ಅಷ್ಟು ಬಿಗಿಯಾಗಿ ಹಿಡೀಬೇಡಿ" ಅಂದ. ಸ್ಪ್ರಿಂಗಿನ ಗನ್ನು ಹೊಡೆದಾಗ ಮೊದಲು ಹಿಂದಕ್ಕೆ ಒದೆಯುತ್ತೆ, ತಕ್ಷಣ ಮುಂದಕ್ಕೂ ಜಗ್ಗುತ್ತೆ. ಬಿಗಿ ಹಿಡಿದ್ರೆ ನಮ್ಮ ನಡುಕವೂ ಅದಕ್ಕೆ ಸೇರ್ತದೆ. ಮರಳು ಚೀಲದ ಮೇಲೆ ನೇರವಾಗಿ ಇಟ್ಟರೂ ಎಗರ್ತದೆ. ಚೀಲದ ಮೇಲೆ ನಮ್ಮ ಅಂಗೈ, ಅಂಗೈ ಮೇಲೆ ಗನ್ನು, ಕೂಸನ್ನ ಮಲಗಿಸಿಕೊಂಡ ಹಾಗೆ. ಕೆನ್ನೆ ಪ್ರತಿ ಸಲವೂ ಅದೇ ಜಾಗಕ್ಕೆ. ಇಷ್ಟೆಲ್ಲಾ ಹೇಳಿಕೊಟ್ಟ ಮೇಲೆ ಹೊಡೆದೆ. ಮೊದಲನೇದು ಎಡಕ್ಕೆ ಹೋಯ್ತು. ನಾನು ಹೇಳಿದೆ, ಗಾಳಿ ಬೀಸ್ತು ಅಂತ. ಎರಡನೇದೂ ಎಡಕ್ಕೆ. ಮತ್ತೆ ಗಾಳಿ ಅಂದೆ. ಐದೂ ಎಡಕ್ಕೇ ಹೋದವು. ಹುಡುಗ ಮೆತ್ತಗೆ ಹೇಳಿದ: "ಒಂದು ತಪ್ಪಿದ್ರೆ ಗಾಳಿ ಪಾಸ್ಟ್ರೇ. ಐದೂ ಒಂದೇ ಕಡೆ ತಪ್ಪಿದ್ರೆ ಅದು ಗಾಳಿಯಲ್ಲ."

ಅವನು ಗನ್ನಿನ ವಿಷಯ ಹೇಳಿದ. ಆದರೆ ನನಗೆ ಆವತ್ತು ಊಟ ಸೇರಲಿಲ್ಲ.

ಯಾಕೆ ಅಂತ ಈಗ ಹೇಳ್ತೀನಿ. ಇದನ್ನ ಹೇಳೋಕೆ ಎರಡು ತಿಂಗಳು ಬೇಕಾಯ್ತು. ಕಳೆದ ಏಳು ವರ್ಷದಲ್ಲಿ ಈ ಸಭೆಯಿಂದ ಐದು ಜನ ಯೌವನಸ್ಥರು ಹೋದರು. ಇನ್ನೂ ಹೆಚ್ಚು ಜನ ಹೋಗಿದ್ದಾರೆ, ಬೆಂಗಳೂರಿಗೆ ಕೆಲಸಕ್ಕೆ ಹೋದವರನ್ನ ನಾನು ಲೆಕ್ಕಕ್ಕೆ ಹಿಡಿದಿಲ್ಲ. ಈ ಐದು ಜನ ಇಲ್ಲೇ ಇದ್ದೂ ಬಾರದೆ ಹೋದವರು. ಪ್ರತಿ ಸಲವೂ ನಾನು ಇದೇ ಜಾಗದಲ್ಲಿ ನಿಂತು ಕಾರಣ ಹೇಳಿದ್ದೀನಿ. ಒಬ್ಬನಿಗೆ ಮೊಬೈಲು. ಒಬ್ಬಳಿಗೆ ಕಾಲೇಜಿನ ಸಹವಾಸ. ಒಬ್ಬನಿಗೆ ಲೋಕದ ಆಶೆ. ಇನ್ನೊಬ್ಬನಿಗೆ ಸೈತಾನ. ಎಲ್ಲಾ ಗಾಳಿ! ಆ ರಾತ್ರಿ ಮಂಡ್ಯಕ್ಕೆ ವಾಪಸ್ಸು ಬಂದು ಮಂಡಿಯೂರಿದಾಗ ಪವಿತ್ರಾತ್ಮನು ಕಾಗದವನ್ನ ನನ್ನ ಮುಂದೆ ಹಿಡಿದ. ಆ ಐದೂ ಜನ ಸಭೆ ಬಿಡೋಕೆ ಮುಂಚೆ ಕೊನೆಯದಾಗಿ ಮಾತಾಡಿದ್ದು ಯಾರ ಹತ್ರ? ನನ್ನ ಹತ್ರ. ಐದೂ ಜನ ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ರು. ಐದೂ ಜನರಿಗೂ ನಾನು ಉತ್ತರ ಕೊಡೋ ಬದಲು ಅವರಲ್ಲೇ ತಪ್ಪು ತೋರಿಸಿ ಕಳಿಸಿದ್ದೆ.

ಒಬ್ಬನ ವಿಷಯ ಮಾತ್ರ ಹೇಳ್ತೀನಿ, ಅವನ ಅಪ್ಪಣೆ ತಗೊಂಡೇ ಹೇಳ್ತಾ ಇದ್ದೀನಿ, ಹೆಸರು ಹೇಳಲ್ಲ. ಗೊತ್ತಿರೋರು ಸುಮ್ಮನಿರಿ. ಅವನ ತಾಯಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾವೆಲ್ಲಾ ಉಪವಾಸ ಪ್ರಾರ್ಥನೆ ಮಾಡಿದ್ವಿ, ನಿಮಗೆ ನೆನಪಿರಬಹುದು. ಔಷಧಿ ನಿಲ್ಲಿಸಿ ಅಂತ ನಾನು ಯಾವತ್ತೂ ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಆದರೂ ಆ ತಾಯಿ ತೀರಿಕೊಂಡ್ರು. ಹನ್ನೊಂದನೇ ದಿನವೋ ಏನೋ, ಆ ಹುಡುಗ ನನ್ನ ಹತ್ರ ಬಂದು ಕೇಳಿದ, "ಪಾಸ್ಟ್ರೇ, ದೇವ್ರು ಯಾಕೆ ವಾಸಿ ಮಾಡ್ಲಿಲ್ಲ?" ಹತ್ತೊಂಬತ್ತು ವರ್ಷದ ಹುಡುಗ. ನಾನು ಏನು ಹೇಳಿದೆ ಗೊತ್ತಾ? ನಿಮ್ಮ ಮನೆಯಲ್ಲಿ ವಿಶ್ವಾಸ ಕಡಿಮೆ ಇತ್ತಪ್ಪಾ ಅಂತ ಹೇಳಿದೆ. ಅವತ್ತು ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ. ಸತ್ಯ ಹೇಳಿದೆ ಅಂದುಕೊಂಡೇ ಮಲಗಿದೆ.

ನಮ್ಮ ದೇವರು ಇಂದಿಗೂ ವಾಸಿ ಮಾಡುವ ದೇವರು. ಅದನ್ನ ನಾನು ನಂಬ್ತೀನಿ. ಇದೇ ಸಭೆಯಲ್ಲಿ ನೋಡಿದ್ದೀನಿ. ಆ ಮಾತು ಹಿಂದಕ್ಕೆ ತಗೊಳ್ತಾ ಇಲ್ಲ. ಆದರೆ ತಾಯಿಯನ್ನ ಮಣ್ಣು ಮಾಡಿ ಬಂದ ಮಗನಿಗೆ ನಿಮ್ಮ ವಿಶ್ವಾಸ ಸಾಲದು ಅಂತ ಹೇಳಿ ಅಂತ ಯಾವ ಪುಸ್ತಕದಲ್ಲಿ, ಯಾವ ಅಧ್ಯಾಯದಲ್ಲಿ ಇದೆ? ಯೋಹಾನ ಒಂಬತ್ತರಲ್ಲಿ ಹುಟ್ಟುಕುರುಡನನ್ನ ತೋರಿಸಿ ಶಿಷ್ಯರು ಇದು ಯಾರ ಪಾಪ ಅಂತ ಕೇಳಿದಾಗ, ಕರ್ತನು ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಅಂದುಬಿಟ್ಟ. ಯೋಬನ ಸ್ನೇಹಿತರನ್ನ ನೋಡಿ. ಎಲೀಫಜ, ಬಿಲ್ದದ, ಚೋಫರ. ಮೊದಲ ಏಳು ದಿನ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ರು, ಅಲ್ಲಿವರೆಗೂ ಸರಿ ಇತ್ತು. ಬಾಯಿ ತೆಗೆದ ಮೇಲೆ ಮೂವರೂ ಒಂದೇ ಜಾಗಕ್ಕೆ ಹೊಡೆದರು: ನೀನು ಪಾಪ ಮಾಡಿದ್ದೀಯ, ಅದಕ್ಕೇ ಹೀಗಾಯ್ತು. ಎಷ್ಟು ಒತ್ತಾದ ಗುಂಪು! ಕೊನೇ ಅಧ್ಯಾಯದಲ್ಲಿ ದೇವರು ಅವರ ಮೇಲೆ ಕೋಪ ಮಾಡ್ಕೊಳ್ತಾನೆ, ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದ್ದು ಯೋಬನೇ ಹೊರತು ನೀವಲ್ಲ ಅಂತ. ಅವರು ಅಂದುಕೊಂಡಿದ್ರು ತಾವು ಯೋಬನ ವಿಷಯ ಮಾತಾಡ್ತಾ ಇದ್ದೀವಿ ಅಂತ. ದೇವರ ಲೆಕ್ಕದಲ್ಲಿ ಅವರು ದೇವರ ವಿಷಯ ಮಾತಾಡಿದ್ರು.

ಯಾರಾದ್ರೂ ಕೇಳಬಹುದು, ಪಾಸ್ಟ್ರೇ, ಜನ ಬಿಟ್ಟು ಹೋದ್ರೆ ಎಲ್ಲಾ ಬೋಧಕನ ತಪ್ಪಾ ಅಂತ. ಅಲ್ಲ. ಯೆರೆಮೀಯ ಎಷ್ಟು ವರ್ಷ ಕೂಗಿದ್ರೂ ಜನ ಕೇಳಲಿಲ್ಲ. ಐಶ್ವರ್ಯವಂತನಾದ ಯೌವನಸ್ಥ ಕರ್ತನ ಹತ್ರದಿಂದಲೇ ದುಃಖಪಟ್ಟುಕೊಂಡು ಹೊರಟುಹೋದ. ಕರ್ತನು ಅವನ ಹಿಂದೆ ಓಡಿ ಬೆಲೆ ಕಡಿಮೆ ಮಾಡಲಿಲ್ಲ. ಆದರೆ ಮಾರ್ಕ 10:21 ಓದಿ. ಆ ಕಠಿಣವಾದ ಮಾತು ಹೇಳೋಕೆ ಮುಂಚೆ ಯೇಸು ಅವನನ್ನ ದಿಟ್ಟಿಸಿ ನೋಡಿದ, ನೋಡಿ ಪ್ರೀತಿಸಿದ. ನಾನು ನನ್ನನ್ನೇ ಕೇಳಿಕೊಂಡೆ, ಆ ಐದು ಜನರಲ್ಲಿ ಯಾರನ್ನಾದ್ರೂ ನಾನು ದಿಟ್ಟಿಸಿ ನೋಡಿದ್ನಾ? ಅವರ ಮುಖವೇ ನನಗೆ ನೆನಪಿಲ್ಲ. ನನ್ನ ಉತ್ತರ ಮಾತ್ರ ನೆನಪಿದೆ.

ಹುಡುಗ ಇನ್ನೊಂದು ವಿಷಯ ಹೇಳಿದ್ದ. ಅವರಪ್ಪನಿಗೆ ಈ ಗನ್ನು ಎಡಕ್ಕೆ ಹೊಡೀತದೆ ಅಂತ ಹಳೇ ಕಾಲದಿಂದ ಗೊತ್ತಿತ್ತಂತೆ. ಅವರು ಸರಿ ಮಾಡಿಸಲಿಲ್ಲ. ಲೆಕ್ಕ ಹಾಕಿ ಸ್ವಲ್ಪ ಬಲಕ್ಕೆ ಹಿಡಿದು ಹೊಡೀತಿದ್ರು. ನಾನು ಅದೂ ಒಂದು ದಾರಿ ಅಲ್ವಾ ಅಂದೆ. "ಒಂದು ದೂರಕ್ಕೆ ಸರಿ ಹೋಯ್ತದೆ ಪಾಸ್ಟ್ರೇ, ದೂರ ಬದಲಾದ್ರೆ ಆ ಲೆಕ್ಕ ನಡೆಯಲ್ಲ" ಅಂದ. ಅಮ್ಮಂದಿರೇ, ಅಯ್ಯಂದಿರೇ, ನಾವೆಲ್ಲಾ ಮಾಡೋದು ಇದೇ ಅಲ್ವಾ? ನನಗೆ ಕೋಪ ಜಾಸ್ತಿ ಅಂತ ಗೊತ್ತು. ಅದಕ್ಕೆ ಸಭೆಯಲ್ಲಿ ಒಂದು ಕೈ ಹೆಚ್ಚಾಗಿ ನಗ್ತೀನಿ. ಮಾತು ಕಹಿ ಅಂತ ಗೊತ್ತು, ಅದಕ್ಕೆ ಕಾಣಿಕೆ ಹೆಚ್ಚು ಹಾಕ್ತೀನಿ. ಭಾನುವಾರದ ದೂರಕ್ಕೆ ಇದು ಸರಿಯಾಗಿ ಬೀಳ್ತದೆ, ಎಲ್ಲರೂ ಆಹಾ ಅಂತಾರೆ. ಮನೆ ಹತ್ತಿರದ ದೂರ. ಅಲ್ಲಿ ಹೆಂಡತಿಗೆ, ಮಗಳಿಗೆ, ಸೊಸೆಗೆ ಎಲ್ಲಿ ತಗಲ್ತಾ ಇದೆ ಅಂತ ಅವರನ್ನೇ ಕೇಳಬೇಕು. ನಮ್ಮ ಪಾಸ್ಟರಮ್ಮನವರು ಅಲ್ಲಿ ತಲೆ ಬಗ್ಗಿಸಿಕೊಂಡು ನಗ್ತಾ ಇದ್ದಾರೆ, ನೋಡಿ.

ಸರಿ ಮಾಡೋದು ಹೇಗೆ? ಸ್ಕೋಪಿನ ಮೇಲೊಂದು, ಪಕ್ಕದಲ್ಲೊಂದು ತಿರುಪು ಇರ್ತದೆ. ತಿರುಗಿಸಿದ್ರೆ ಕಟ್ ಕಟ್ ಅಂತದೆ. ಸಾಮಾನ್ಯವಾಗಿ ಒಂದು ಕಟ್‌ಗೆ 100 ಗಜ ದೂರದಲ್ಲಿ ಕಾಲು ಇಂಚು ಸರಿಯುತ್ತೆ. 25 ಗಜದಲ್ಲಿ ಅದರ ಕಾಲು ಭಾಗ, ಇಂಚಿನ ಹದಿನಾರನೇ ಒಂದು ಪಾಲು. ಎರಡು ಇಂಚು ಸರಿಯಬೇಕಾದ್ರೆ 32 ಕಟ್. ಹುಡುಗ ಒಂದೊಂದೇ ಎಣಿಸಿ ತಿರುಗಿಸಿದ. ಒಳಗೆ ಏನಾಗ್ತದೆ ಅಂದ್ರೆ, ತೂತು ಬಿದ್ದಿರೋ ಕಡೆಗೆ ಶಿಲುಬೆಯೇ ಸರಿದು ಬರ್ತದೆ. ಕಾಗದವನ್ನ ಯಾರೂ ಎಡಕ್ಕೆ ಸರಿಸಲ್ಲ. ನಾನು ಏಳು ವರ್ಷ ಕಾಗದ ಸರಿಸ್ತಾ ಇದ್ದೆ. ಗುಂಡು ಎಲ್ಲಿ ಬೀಳ್ತೋ ಅಲ್ಲಿಗೆ ಚುಕ್ಕೆ ಬರೆದು, ನೋಡಿ, ತಗುಲ್ತು ಅಂತಿದ್ದೆ. ಇನ್ನೊಂದು ವಿಷಯ: ಒಂದೇ ಗುಂಡು ನೋಡಿ ತಿರುಪು ಮುಟ್ಟಬಾರದು. ಅಹಾಬನಿಗೆ ಯಾರೋ ಒಬ್ಬ ಗುರಿಯಿಲ್ಲದೆ ಬಿಟ್ಟ ಬಾಣ ಕವಚದ ಸಂದಿಗೇ ಹೋಗಿ ನಾಟ್ತು. ಅದು ದೇವರ ಕಾರ್ಯ, ಆ ಬಿಲ್ಲಿನ ಗುಣ ಅಲ್ಲ. ನನ್ನ ಪ್ರಸಂಗದಿಂದ ಒಬ್ಬರು ರಕ್ಷಣೆ ಹೊಂದಿದ್ರೆ ನನ್ನ ಸ್ಕೋಪು ಸರಿಯಾಗಿದೆ ಅಂತ ಅದರಿಂದ ಹೇಳೋಕಾಗಲ್ಲ.

ನಾನು ದೀಕ್ಷಾಸ್ನಾನ ತಗೊಂಡಾಗ ಎಲ್ಲಾ ಸರಿಯಾಗೇ ಇತ್ತು ಅಂತ ಹೇಳೋ ಹಿರಿಯರಿದ್ದಾರೆ. ಇದ್ದಿರಬಹುದು. 2008ರ ಆಗಸ್ಟ್ 11, ಬೀಜಿಂಗ್ ಒಲಿಂಪಿಕ್ಸ್. ನಮ್ಮ ದೇಶದ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಬಂಗಾರ ಗೆದ್ದದ್ದು ನಿಮಗೆ ಗೊತ್ತು. ಭಾರತಕ್ಕೆ ಒಬ್ಬ ವ್ಯಕ್ತಿ ತಂದ ಮೊದಲ ಒಲಿಂಪಿಕ್ ಬಂಗಾರ. ಆ ಆಟದಲ್ಲಿ ದುರ್ಬೀನು ಹಾಕೋ ಹಾಗಿಲ್ಲ, ಸಣ್ಣ ತೂತಿನಲ್ಲೇ ನೋಡಿ ಹೊಡೀಬೇಕು. ಅರ್ಹತಾ ಸುತ್ತಿನಲ್ಲಿ 596 ಹೊಡೆದು ನಾಲ್ಕನೆಯವರಾಗಿ ಫೈನಲ್ಲಿಗೆ ಬಂದ್ರು. ಫೈನಲ್ಲಿಗೆ ಮುಂಚೆ ಗುರಿ ಪರೀಕ್ಷೆಗೆ ಕೊಡೋ ಗುಂಡು ಹೊಡೆದು ನೋಡಿದ್ರೆ ತೀರಾ ಹೊರಗೆ! ಸ್ವಲ್ಪ ಹೊತ್ತಿನ ಹಿಂದೆ ಸರಿಯಾಗಿದ್ದದ್ದು ಈಗ ಸರಿ ಇಲ್ಲ. ಇದ್ದ ಕೆಲವೇ ನಿಮಿಷದಲ್ಲಿ ತಿರುಪು ತಿರುಗಿಸಿ ಸರಿ ಮಾಡಿಕೊಂಡ್ರು. ಲೆಕ್ಕಕ್ಕೆ ಬರೋ ಮೊದಲ ಗುಂಡು 10.7. ಕೊನೇದು 10.8. ನಾನು ಯೋಚನೆ ಮಾಡಿದ್ದು ಏನಂದ್ರೆ, ಆ ಮನುಷ್ಯ ಆವತ್ತು, ನಾನು 596 ಹೊಡೆದವನು, ನನ್ನದು ತಪ್ಪೋದು ಹೇಗೆ ಅಂತ ಕೂತಿದ್ರೆ ಏನಾಗ್ತಿತ್ತು?

ಸ್ಪ್ರಿಂಗಿನ ಗನ್ನಿನಲ್ಲಿ ಇದು ಇನ್ನೂ ಹೆಚ್ಚು. ಆ ಎರಡು ಕಡೆಯ ಒದೆತಕ್ಕೆ ಸ್ಕ್ರೂ ಸಡಿಲ ಆಗ್ತದೆ, ಸ್ಕೋಪು ಇದ್ದ ಜಾಗದಿಂದ ಹಿಂದಕ್ಕೆ ಜರುಗ್ತದೆ. ಗಮನಿಸಿ, ಯಾರೂ ಬಂದು ಕದಲಿಸಿದ್ದಲ್ಲ. ಅದು ಹೊಡೆದ ಪೆಟ್ಟೇ ಅದನ್ನ ಕದಲಿಸಿದ್ದು. ಬೋಧಕರು, ಸಭಾಹಿರಿಯರು, ಭಾನುವಾರ ಶಾಲೆಯ ಟೀಚರುಗಳು ಇದನ್ನ ಕೇಳಿಸಿಕೊಳ್ಳಿ. ಇಪ್ಪತ್ತು ವರ್ಷ ಪ್ರಸಂಗ ಮಾಡಿದ್ದೀನಿ ಅಂದ್ರೆ ಇಪ್ಪತ್ತು ವರ್ಷ ನನ್ನ ಸ್ಕ್ರೂ ಅಲುಗಾಡಿದೆ ಅಂತಲೂ ಅರ್ಥ. ಪೌಲ 1 ಕೊರಿಂಥ 4:4ರಲ್ಲಿ, ನನ್ನ ಮನಸ್ಸಾಕ್ಷಿಯಲ್ಲಿ ನನಗೆ ಯಾವ ತಪ್ಪೂ ಕಾಣ್ತಿಲ್ಲ, ಆದರೆ ಅಷ್ಟರಿಂದಲೇ ನಾನು ನಿರಪರಾಧಿ ಅಂತ ಆಗಲ್ಲ, ತೀರ್ಪು ಮಾಡೋನು ಕರ್ತನು ಅಂತಾನೆ. ದಮಸ್ಕದ ದಾರಿಯಲ್ಲಿ ಬಿದ್ದು ಕಲಿತ ಮಾತು ಅದು.

ಹೋದ ತಿಂಗಳು ನಾನು ಮದ್ದೂರಿಗೆ ಹೋದೆ. ಆ ಹುಡುಗ ಈಗ ಎಳನೀರು ಮಾರುಕಟ್ಟೆಯಲ್ಲಿ ಲೋಡಿಂಗ್ ಕೆಲಸ ಮಾಡ್ತಾನೆ. ಬೆಳಿಗ್ಗೆಯೇ ಹೋಗಿ ಲಾರಿ ಪಕ್ಕ ನಿಂತೆ. ನೋಡಿದ. ಓಡಿ ಹೋಗಲಿಲ್ಲ. "ಬನ್ನಿ ಪಾಸ್ಟ್ರೇ" ಅಂತ ಒಂದು ಎಳನೀರು ಕೊಚ್ಚಿ ಕೊಟ್ಟ. ಕುಡಿಯೋಕಾಗಲಿಲ್ಲ ನನಗೆ. ಕೈಯಲ್ಲಿ ಹಿಡ್ಕೊಂಡೇ ಹೇಳಿದೆ, "ನಿಮ್ಮ ತಾಯಿ ತೀರಿಕೊಂಡಾಗ ನಾನು ಆಡಿದ ಮಾತು ತಪ್ಪು. ದೇವರು ಆ ಮಾತು ಹೇಳು ಅಂತ ನನಗೆ ಹೇಳಿರಲಿಲ್ಲ. ನನ್ನನ್ನ ಕ್ಷಮಿಸಪ್ಪಾ." ಬಹಳ ಹೊತ್ತು ಅವನು ಮಾತಾಡಲಿಲ್ಲ. ಮಚ್ಚಿನ ಅಂಚನ್ನ ಬೆರಳಲ್ಲಿ ಒರೆಸ್ತಾ ಇದ್ದ. ಆಮೇಲೆ ಹೇಳಿದ: "ನಮ್ಮವ್ವ ಪ್ರಾಣ ಹೋಗೋವಾಗ್ಲೂ ಸ್ತೋತ್ರ ಸ್ತೋತ್ರ ಅಂತ್ಲೇ ಇದ್ಲು ಪಾಸ್ಟ್ರೇ. ಅವ್ಳ ವಿಶ್ವಾಸ ಕಮ್ಮಿ ಅಂದ್ರಲ್ಲಾ ನೀವು. ನಾನು ನಾಕು ವರ್ಷದಿಂದ ಅದ್ನೇ ಯೋಚ್ನೆ ಮಾಡ್ತಿವ್ನಿ."

ನಾನು ಆ ತಾಯಿಯ ಹಾಸಿಗೆ ಪಕ್ಕ ಎಷ್ಟೋ ಸಲ ನಿಂತು ಪ್ರಾರ್ಥನೆ ಮಾಡಿದ್ದೆ. ಆ ಸ್ತೋತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ. ವಾಸಿಯಾಗೋದನ್ನ ಮಾತ್ರ ನೋಡ್ತಾ ಇದ್ದೆ.

ಅವನು ಸಭೆಗೆ ಬರ್ತೀನಿ ಅನ್ನಲಿಲ್ಲ. ನಾನೂ ಕರೆಯಲಿಲ್ಲ. ಎಳನೀರಿಗೆ ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲಿಲ್ಲ. ಈ ವಿಷಯ ಸಭೆಯಲ್ಲಿ ಹೇಳಲಾ ಅಂತ ಕೇಳಿದೆ. "ಹೇಳಿ, ನಮ್ಮವ್ವನ ವಿಷ್ಯ ಸರಿಯಾಗಿ ಹೇಳಿ" ಅಂದ. ಅದಕ್ಕೇ ಹೇಳ್ತಾ ಇದ್ದೀನಿ. ಆ ತಾಯಿಗೆ ವಿಶ್ವಾಸ ಕಡಿಮೆ ಇರಲಿಲ್ಲ. ಆವತ್ತು ನನ್ನ ಬಾಯಿಂದ ಆ ಮಾತು ಕೇಳಿದವರು ಇಲ್ಲಿ ಇದ್ದರೆ, ದಯವಿಟ್ಟು ಅದನ್ನ ಅಳಿಸಿಹಾಕಿ.

ತಿರುಪು ತಿರುಗಿಸಿದ ಮೇಲೆ ಹುಡುಗ ಮತ್ತೆ ಐದು ಗುಂಡು ಹೊಡೆದ. ಸರಿ ಹೋಯ್ತು ಅಂತ ನಂಬಿಬಿಡಲಿಲ್ಲ. ಈ ಸಲ ಸ್ವಲ್ಪ ಬಲಕ್ಕೆ ಹೆಚ್ಚಾಗಿತ್ತು. ಮೂರು ಕಟ್ ಹಿಂದಕ್ಕೆ. ಮತ್ತೆ ಐದು. ಊಟಕ್ಕೆ ಕರೆದ್ರೂ ಏಳಲಿಲ್ಲ. ನನ್ನದೂ ಹಾಗೇ ಆಗಬಹುದು. ಗಡುಸಾಗಿದ್ದವನು ಇನ್ನು ಮುಂದೆ ಪಾಪವನ್ನ ಪಾಪ ಅಂತ ಹೇಳೋಕೂ ಹೆದರಿಬಿಡಬಹುದು. ಹಾಗಾದ್ರೆ ಹಿರಿಯರು ನನಗೆ ಹೇಳಿ. ನನ್ನ ಮುಖಕ್ಕೇ ಹೇಳಿ, ಬೇರೆಯವರ ಹತ್ರ ಬೇಡ.

ಇನ್ನೂ ನಾಲ್ಕು ಮನೆ ಇವೆ. ಇವತ್ತು ಸಾಯಂಕಾಲ ಮಳವಳ್ಳಿಗೆ ಹೋಗ್ತಾ ಇದ್ದೀನಿ, ಒಬ್ಬಳು ತಂಗಿಯ ಮನೆಗೆ. ಅವಳ ಗಂಡ ಬಾಗಿಲು ತೆಗೀತಾರೋ ಇಲ್ಲವೋ ಗೊತ್ತಿಲ್ಲ. ನಾಲ್ಕು ಗಂಟೆ ಬಸ್ಸು. ಜೊತೆಗೆ ಯಾರೂ ಬರೋದು ಬೇಡ, ಗುಂಪಾಗಿ ಹೋದ್ರೆ ಪಂಚಾಯ್ತಿ ಅಂದುಕೊಳ್ತಾರೆ. ಆ ಹೊತ್ತಿಗೆ ನಿಮ್ಮ ನಿಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಇವತ್ತು ನಾನು ಮುಂದೆ ಬನ್ನಿ ಅಂತ ಯಾರನ್ನೂ ಕರೆಯಲ್ಲ. ನಾನೇ ಇಲ್ಲಿ ಮಂಡಿಯೂರ್ತೀನಿ. ಹಿರಿಯರು ಬಂದು ನನ್ನ ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸಿ. ಕೀಬೋರ್ಡು ಬೇಡಪ್ಪಾ, ಸುಮ್ಮನಿರಲಿ.